ಸವಾಯಿಯಲ್ಲಿ ಅರ್ಧ ಗಂಟೆ ಕೂರಲು ಆಗಲಿಲ್ಲ. ನಿಮಗೂ ಹೀಗೆ ಆಗ್ತಿದೆಯಾ?

ಪುಣೆ_ಧಾರವಾಡ

ನಮಸ್ಕಾರ. ನಾನು ಧಾರವಾಡದವನು, ಹದಿನಾಲ್ಕು ವರ್ಷದಿಂದ ಪುಣೆಯಲ್ಲಿ, ಕೋಥರೂಡಿನಲ್ಲಿ ಇದ್ದೇನೆ. ಈ ಸಲ ಡಿಸೆಂಬರ್‌ನಲ್ಲಿ ಅಪ್ಪ ಊರಿಂದ ಬಂದಿದ್ದರು. ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಕರೆದುಕೊಂಡು ಹೋದೆ. ನಮ್ಮ ಮನೆಯವರಿಗೆ ಅದು ನಮ್ಮದೇ ಊರಿನ ಜಾತ್ರೆ ಇದ್ದ ಹಾಗೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಕುಂದಗೋಳದವರು, ಅವರ ನೆನಪಿಗೆ 1953ರಲ್ಲಿ ಇದನ್ನು ಶುರು ಮಾಡಿದ ಅವರ ಶಿಷ್ಯ ಭೀಮಸೇನ ಜೋಶಿಯವರು ಗದಗಿನವರು. ರಾತ್ರಿಯಿಡೀ ಕಚೇರಿ ನಡೆಯುತ್ತಿದ್ದ ಕಾಲದಲ್ಲಿ ಅಪ್ಪ ಬಸ್ ಹತ್ತಿ ಬಂದು, ಬೆಳಗಿನ ತನಕ ಕೇಳಿ, ಹಾಗೇ ವಾಪಸ್ ಹೋಗಿ ಕೆಲಸಕ್ಕೆ ಹಾಜರಾಗುತ್ತಿದ್ದರಂತೆ.

ವಿಲಂಬಿತ ಏಕತಾಲ, ಅಂದರೆ ತುಂಬಾ ನಿಧಾನದ ತಾಳ, ಶುರುವಾಯಿತು. ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ. ಮೂರನೇ ಆವರ್ತನದ ಹೊತ್ತಿಗೆ ನನ್ನ ಕೈ ಜೇಬಿಗೆ ಹೋಗಿತ್ತು. ಯಾವ ಮೆಸೇಜೂ ಬಂದಿರಲಿಲ್ಲ, ಬರುವುದೂ ಇರಲಿಲ್ಲ, ಸುಮ್ನೆ ತೆಗೆದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ಅರ್ಧ ಗಂಟೆಗೆ ಎದ್ದು ಚಹಾ ಕುಡಿಯಲು ಹೊರಗೆ ಬಂದುಬಿಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡು ಅಲ್ಲೇ ಕೂತಿದ್ದರು.

ಹೊರಗೆ ನಿಂತಾಗ ನೆನಪಾಯಿತು, ನಾನು ಅಪ್ಪನ ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳನ್ನೂ ಎರಡು ಪಟ್ಟು ವೇಗದಲ್ಲಿ ಕೇಳುತ್ತೇನೆ. ಅವರು ನಿಧಾನ ಮಾತಾಡುತ್ತಾರೆ, ನಡುವೆ ಕೆಮ್ಮುತ್ತಾರೆ, ಅದಕ್ಕೇ. ಅದು ನೆನಪಾಗಿ ತುಂಬಾ ಬೇಜಾರಾಯಿತು. ಗಮನ ಕೊಡುವ ಶಕ್ತಿ ಒಮ್ಮೆ ಹೋದರೆ ಮತ್ತೆ ಬರುತ್ತದೆಯಾ? ಯಾರಾದರೂ ನಿಜವಾಗಿ ಮಾಡಿ ನೋಡಿದ್ದರೆ ಹೇಳಿ. ಫೋನ್ ಬಿಸಾಡಿ ಅನ್ನೋ ಸಲಹೆ ಬೇಡ, ಕೆಲಸಕ್ಕೆ ಅದು ಬೇಕು.

ಡೊಂಬಿವಲಿ_ಚಂಡೆ

ನೀವು ಅಷ್ಟೊಂದು ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ನಮ್ಮ ಯಕ್ಷಗಾನದಲ್ಲೂ ಇದೇ ಚರ್ಚೆ ಎಷ್ಟೋ ವರ್ಷದಿಂದ ಇದೆ. ರಾತ್ರಿಯಿಡೀ ಆಟ ಹೋಗಿ ಕಾಲಮಿತಿ ಬಂತು. ಮುಂಬೈಯಲ್ಲಂತೂ ಬೇರೆ ದಾರಿಯೇ ಇಲ್ಲ. ಹಾಲ್ ಬಾಡಿಗೆ ಗಂಟೆ ಲೆಕ್ಕ, ಕೊನೆಯ ಲೋಕಲ್ ತಪ್ಪಿದರೆ ಮನೆ ಮುಟ್ಟೋದು ಹೇಗೆ? ಆದರೆ ಸಮಯ ಉಳಿಸಲು ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ ಅಂತ ನೋಡಿ. ಕಥೆಗೆ ಮುಂಚಿನ ಪೂರ್ವರಂಗಕ್ಕೆ, ಮತ್ತೆ ಒಡ್ಡೋಲಗಕ್ಕೆ. ಪಾತ್ರ ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಂಡು ರಂಗ ತುಂಬುವ ಭಾಗ ಈ ಒಡ್ಡೋಲಗ. ಈಗ ರಾಜ ಬರ್ತಾನೆ, ಮಾತು ಶುರು. ಬಂದವನು ರಾಜ ಅಂತ ನಮಗೆ ಅನ್ನಿಸುವುದರೊಳಗೆ ಅರ್ಧ ಪ್ರಸಂಗ ಮುಗಿದಿರುತ್ತದೆ. ಇದು ನನಗೆ ನಿಜವಾಗಿ ನೋವಿನ ವಿಷಯ.

ಇನ್ನೊಂದು ಮಾತೂ ಹೇಳಬೇಕು. ಹಳೆಯ ಕಾಲದವರು ಇಡೀ ರಾತ್ರಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು ಅನ್ನೋದು ಸುಳ್ಳು. ನಾನು ಚಿಕ್ಕವನಿದ್ದಾಗ ಅಜ್ಜನ ಜೊತೆ ಗದ್ದೆಯಲ್ಲಿ ಕೂತು ಆಟ ನೋಡಿದವನು. ಜನ ಚರುಮುರಿ ತಿನ್ನುತ್ತಿದ್ದರು, ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿ ಬಣ್ಣ ಹಚ್ಚೋದು ನೋಡಿ ಬರುತ್ತಿದ್ದರು, ಚಾಪೆ ಹಾಸಿ ಒಂದು ನಿದ್ದೆ ತೆಗೆಯುತ್ತಿದ್ದರು. ಚಂಡೆ ಜೋರಾದಾಗ ಅಜ್ಜ ನನ್ನನ್ನು ಎಬ್ಬಿಸುತ್ತಿದ್ದರು, ಈಗ ನೋಡು ಅಂತ. ಯಾವಾಗ ಎಬ್ಬಿಸಬೇಕು ಅಂತ ಅವರಿಗೆ ಗೊತ್ತಿತ್ತು. ನೀವು ಚಹಾಕ್ಕೆ ಎದ್ದದ್ದು ತಪ್ಪೇನಲ್ಲ, ವಾಪಸ್ ಹೋದಿರಾ ಇಲ್ವಾ ಅದನ್ನು ಹೇಳಿ.

ಕತ್ತರಿ_ಅಂಧೇರಿ

ನಾನು ವಿಡಿಯೋ ಎಡಿಟರ್. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತು ಮರುತಿಂಗಳೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತಲ್ಲ, ಅಲ್ಲಿಂದ ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ನಾವು ಮೊದಲು ಮಾಡೋದು ಏನು ಗೊತ್ತಾ? ಮಾತಿನ ನಡುವಿನ ಉಸಿರು ತೆಗೆಯುತ್ತೇವೆ. ಒಬ್ಬರು ಯೋಚಿಸಿ ಮಾತಾಡಲು ತೆಗೆದುಕೊಂಡ ಸಮಯವನ್ನೆಲ್ಲ ಕತ್ತರಿಸಿ ಪಕ್ಕಕ್ಕಿಟ್ಟರೆ ಉಳಿದದ್ದು ರೀಲ್. ದಿನಕ್ಕೆ ಹತ್ತು ಗಂಟೆ ಇದನ್ನೇ ಮಾಡಿ ಮನೆಗೆ ಬಂದರೆ, ಹೆಂಡತಿ ಮಾತಿನ ನಡುವೆ ನಿಲ್ಲಿಸಿದಾಗ ನನ್ನ ಬೆರಳು ಕಟ್ ಮಾಡಲು ಹುಡುಕುತ್ತದೆ. ಅದು ಗೊತ್ತಾದ ದಿನ ನನಗೂ ನಿಮ್ಮ ಹಾಗೇ ಭಯ ಆಯಿತು.

ಮಾಡಿ ನೋಡಿದ್ದು ಹೇಳುತ್ತೇನೆ. ತಿಂಗಳಿಗೆ ಒಂದು ಶನಿವಾರ ಕಾಲಾ ಘೋಡಾ ಕಡೆ ಹೋಗುತ್ತೇನೆ, ಜಹಾಂಗೀರ್ ಆರ್ಟ್ ಗ್ಯಾಲರಿ ಅಥವಾ ಪಕ್ಕದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಒಂದೇ ಚಿತ್ರ, ಇಪ್ಪತ್ತು ನಿಮಿಷ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದಿದ್ದರು, ಸರಾಸರಿ 27 ಸೆಕೆಂಡ್, ಅರ್ಧದಷ್ಟು ನೋಟಗಳು 17 ಸೆಕೆಂಡ್ ಒಳಗೇ ಮುಗಿದಿದ್ದವು. ಅದು ಪ್ರಕಟವಾಗಿದ್ದು 2001ರಲ್ಲಿ. ಆಗ ಯಾರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ! ಹಾಗಾಗಿ ಎಲ್ಲ ತಪ್ಪನ್ನೂ ಫೋನಿನ ಮೇಲೆ ಹಾಕೋದನ್ನು ಬಿಟ್ಟಿದ್ದೇನೆ.

ನನಗೆ ಹಿಡಿಸಿದ್ದು ಚಿತ್ರಕಾರ ವಿ. ಎಸ್. ಗಾಯತೊಂಡೆ. ಅವರು ವರ್ಷಕ್ಕೆ ಆರೇಳು ಕ್ಯಾನ್ವಾಸ್ ಮುಗಿಸಿದರೆ ಹೆಚ್ಚು, ಉಳಿದ ಸಮಯ ಯೋಚನೆಯಲ್ಲೇ. ರೋಲರ್ ಮತ್ತು ಚಾಕುವಿನಿಂದ ಬಣ್ಣ ಹಚ್ಚಿ, ಎತ್ತಿ, ಮತ್ತೆ ಹಚ್ಚುತ್ತಿದ್ದರು. ಮೊದಲ ಐದು ನಿಮಿಷ ಬರೀ ಹಳದಿ ಗೋಡೆ ನೋಡಿದ ಹಾಗೆ. ಕಾಲು ನೋಯುತ್ತದೆ, ಕಾವಲುಗಾರ ನಮ್ಮನ್ನೇ ನೋಡುತ್ತಾನೆ. ಆಮೇಲೆ ಎಲ್ಲೋ ಒಂದು ಕಡೆ ಮೇಲಿನ ಪದರ ತೆಳ್ಳಗಾಗಿ ಕೆಳಗಿನ ಬಣ್ಣ ಇಣುಕಿದ್ದು ಕಾಣಿಸುತ್ತದೆ. ಅದು ಕಂಡ ಮೇಲೆ ಇಡೀ ಚಿತ್ರ ಬೇರೆಯೇ ಆಗುತ್ತದೆ, ಇನ್ನೆಲ್ಲಿ ಹಾಗಿದೆ ಅಂತ ಕಣ್ಣೇ ಹುಡುಕುತ್ತಾ ಹೋಗುತ್ತದೆ. ಆಗ ಟೈಮ್ ನೋಡಬೇಕು ಅನ್ನಿಸುವುದಿಲ್ಲ.

ಮಡಗಾಂವ್_2

ಒಂದೇ ಮಾತು. ಇಲ್ಲಿ ಗೋವಾದಲ್ಲಿ ಸುಸೆಗಾದ್ ಅಂತ ಹೇಳಿ ನಿಧಾನವನ್ನು ಪ್ರವಾಸಿಗಳಿಗೆ ಮಾರುತ್ತಾರೆ. ಅದೇ ಹೋಟೆಲುಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಬೆಳಗಿನಿಂದ ರಾತ್ರಿವರೆಗೆ ಓಡಾಡುತ್ತಿರುತ್ತಾರೆ. ಅವರಿಗೆ ಸಿಗೋದು ಮಲಗುವ ಮುಂಚೆ ಹತ್ತು ನಿಮಿಷ, ಆಗ ಅವರು ರೀಲ್ಸ್ ನೋಡಿದರೆ ಅದು ಅವರ ಮನಸ್ಸಿನ ದೋಷ ಅನ್ನಬೇಡಿ. ಗಮನದ ಬಗ್ಗೆ ಮಾತಾಡುವಾಗ ಬಿಡುವು ಯಾರಿಗಿದೆ ಅನ್ನೋದನ್ನೂ ಸೇರಿಸಿ.

ತಂಬೂರಿ_ದಾದರ್

ಮಡಗಾಂವ್ ಅವರ ಮಾತು ಪೂರ್ತಿ ಒಪ್ಪುತ್ತೇನೆ. ಪುಣೆಯವರಿಗೆ ಮಾತ್ರ ನನ್ನದು ಸ್ವಲ್ಪ ಬೇರೆ ಮಾತು.

ಉದ್ದ ಇದ್ದದ್ದೆಲ್ಲ ದೊಡ್ಡದು, ಚಿಕ್ಕದೆಲ್ಲ ಹಗುರ ಅಂದುಕೊಳ್ಳಬೇಡಿ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷದ ಹಾಡು. ಭೀಮಸೇನರು ಹುಡುಗನಾಗಿದ್ದಾಗ ಕೇಳಿ ಮರುಳಾದದ್ದು ಅಬ್ದುಲ್ ಕರೀಂ ಖಾನರ ಅಂಥದ್ದೇ ಒಂದು ತಟ್ಟೆ. ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟರು, ಆಗ ಹನ್ನೊಂದು ವರ್ಷ. ಮೂರು ನಿಮಿಷಕ್ಕೆ ಅಷ್ಟು ಶಕ್ತಿ ಇತ್ತು. ನಮ್ಮ ಉಡುಪಿ ಕಡೆಯ ಕೆ. ಕೆ. ಹೆಬ್ಬಾರರ ನರ್ತಕಿಯ ಚಿತ್ರ ನೋಡಿದ್ದೀರಾ? ಕೆಲವೇ ಗೆರೆ, ಕೈ ಎತ್ತದೆ ಎಳೆದ ಹಾಗೆ. ಅವರು ಲಯ ತಿಳಿಯಬೇಕು ಅಂತ ಕಥಕ್ ಕಲಿತಿದ್ದವರು.

ಇನ್ನೊಂದು ಕಡೆ ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನ ಚರ್ಚಿನಲ್ಲಿ ಜಾನ್ ಕೇಜ್ ಅವರ ಒಂದು ಆರ್ಗನ್ ರಚನೆ 2001ರಿಂದ ನುಡಿಯುತ್ತಿದೆ, ಮುಗಿಯುವುದು 2640ರಲ್ಲಿ, ಒಟ್ಟು 639 ವರ್ಷ. ಮೊದಲ ಹದಿನೇಳು ತಿಂಗಳು ಬರೀ ಮೌನವೇ. 2024ರ ಫೆಬ್ರುವರಿಯಲ್ಲಿ ಸ್ವರ ಬದಲಾಗುವುದನ್ನು ಕೇಳಲು ಜನ ಹೋಗಿ ಸೇರಿದ್ದರು. ನನಗೆ ಅದರಲ್ಲಿ ಹಿಡಿಸುವುದು ಆ ಜನರೇ. ಏನು ಬದಲಾಗಲಿದೆ ಅಂತ ಗೊತ್ತಿದ್ದು ಕಾದವರು.

ನಿಮ್ಮ ಅಪ್ಪನೂ ಹಾಗೇ ಕಾಯುತ್ತಿದ್ದರು. ಸಮ್, ಅಂದರೆ ಆವರ್ತನದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಅಂತ ಅವರಿಗೆ ಗೊತ್ತು, ನಿಮಗೆ ಗೊತ್ತಿರಲಿಲ್ಲ. ದಾರಿ ಗೊತ್ತಿಲ್ಲದ ಬಸ್ಸಿನಲ್ಲಿ ಕೂತವನಿಗೆ ಹತ್ತು ನಿಮಿಷವೂ ಜಾಸ್ತಿಯೇ ಅಲ್ವಾ? ಒಂದು ಕೆಲಸ ಮಾಡಿ. ಏಕತಾಲದ ಠೇಕಾ, ಅಂದರೆ ತಬಲಾದಲ್ಲಿ ನುಡಿಸುವ ಬೋಲು, ಹನ್ನೆರಡು ಮಾತ್ರೆ (ಎಣಿಕೆ): ಧಿಂ, ಧಿಂ, ಧಾಗೆ, ತಿರಕಿಟ, ತೂ, ನಾ, ಕತ್, ತಾ, ಧಾಗೆ, ತಿರಕಿಟ, ಧಿಂ, ನಾ. ತಿರಕಿಟ ಎರಡು ಸಲ ಬರುತ್ತದೆ, ನಾಲ್ಕರಲ್ಲಿ ಮತ್ತು ಹತ್ತರಲ್ಲಿ. ಎಷ್ಟೇ ವಿಲಂಬಿತ ಇದ್ದರೂ ಅದು ಕಿವಿಗೆ ಬೀಳುತ್ತದೆ. ಎರಡನೇ ತಿರಕಿಟ ಕೇಳಿದ ಕೂಡಲೇ ಹಾಡುವವರ ಕಡೆ ನೋಡಿ. ಅವರು ಆಲಾಪ ಬಿಟ್ಟು ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಹಿಡಿದು ಸಮ್‌ಗೆ ಬಂದು ಇಳಿಯುತ್ತಾರೆ. ಎರಡು ಮೂರು ಸಲ ಹಾಗೆ ಜೊತೆಯಲ್ಲಿ ಇಳಿದರೆ ನಾಲ್ಕನೆಯದನ್ನು ನೀವೇ ಬಿಡುವುದಿಲ್ಲ.

ಪುಣೆ_ಧಾರವಾಡ

ಎಲ್ಲರಿಗೂ ಥ್ಯಾಂಕ್ಸ್ ರೀ. ಚಂಡೆಯವರೇ, ಅವತ್ತು ವಾಪಸ್ ಹೋಗಿದ್ದೆ, ಆದರೆ ದ್ರುತ್, ಅಂದರೆ ವೇಗದ ಭಾಗ, ಶುರುವಾದ ಮೇಲೆ.

ನಿನ್ನೆ ಅಪ್ಪನಿಗೆ ಫೋನ್ ಮಾಡಿ ತಿರಕಿಟದ ವಿಷಯ ಕೇಳಿದೆ. ಅವರು ಫೋನಿನಲ್ಲೇ ಮೇಜು ತಟ್ಟಿ ಒಂದು ಆವರ್ತನ ಪೂರ್ತಿ ಹೇಳಿದರು, ನಡುವೆ ಕೆಮ್ಮು ಬಂದರೂ ತಾಳ ಬಿಡಲಿಲ್ಲ. ರಾತ್ರಿ ಒಂದು ಹಳೆಯ ಕಚೇರಿಯ ರೆಕಾರ್ಡಿಂಗ್ ಹಾಕಿಕೊಂಡು ಬೆರಳಲ್ಲಿ ಎಣಿಸಿದೆ. ಏಳನೇ ಆವರ್ತನದಲ್ಲಿ ತಪ್ಪಿತು, ಮತ್ತೆ ಮೊದಲಿಂದ ಹಿಡಿದೆ. ಸಮ್ ಮೂರು ಸಲ ಸರಿಯಾಗಿ ಸಿಕ್ಕಿತು.

ತಂಬೂರಿಯವರೇ, ಒಂದು ಪ್ರಶ್ನೆ. ಅಪ್ಪ ಗಾಯಕ ಉಸ್ತಾದ್ ಅಮೀರ್ ಖಾನರನ್ನು ಕೇಳು ಅಂದರು. ಅದು ಝೂಮ್ರಾ ತಾಳ, ಹದಿನಾಲ್ಕು ಮಾತ್ರೆ, ನನಗೆ ಎಲ್ಲಿದ್ದೇನೆ ಅಂತಲೇ ಗೊತ್ತಾಗಲಿಲ್ಲ. ಅದರಲ್ಲಿ ಯಾವುದನ್ನು ಗುರುತು ಇಟ್ಟುಕೊಳ್ಳಬೇಕು?