ಸಹಾಯ ಬೇಕು: ಮಕ್ಕಳ ನಾಟಕಕ್ಕೆ ಲೈಟ್ ಇರುವ ಕತ್ತಿನ ಪಟ್ಟಿ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಮಕ್ಕಳು ದಸರಾ ರಜೆಯಲ್ಲಿ ನಾಟಕ ಆಡುತ್ತಾರೆ. ಕಥೆ 'ಯಂಗ್ ಜಸ್ಟಿಸ್' ಕಾರ್ಟೂನಿನ 2011ರ ಒಂದು ಕಂತಿನದ್ದು. ಸೂಪರ್‌ಬಾಯ್ ಮತ್ತು ಮಿಸ್ ಮಾರ್ಷನ್ ಅನ್ನೋ ಸೂಪರ್‌ಹೀರೋಗಳು ಖಳ ಅಣ್ಣ-ತಂಗಿಯ ವೇಷ ಹಾಕಿ ಅಮೆರಿಕದ ಲೂಸಿಯಾನಾದ ಬೆಲ್ ರೀವ್ ಜೈಲು ಸೇರುತ್ತಾರೆ. ಹಿಮದ ಶಕ್ತಿಯ ಖಳರು ಬೇಕಂತಲೇ ಸಿಕ್ಕಿಬಿದ್ದು ಅಲ್ಲಿ ಬಂದು ಕೂತಿರುತ್ತಾರೆ. ಯಾಕೆ ಅಂತ ತಿಳಿಯೋದೇ ಇವರ ಕೆಲಸ. ಎಷ್ಟು ಚೆನ್ನಾಗಿದೆ ಅಲ್ವಾ!

ಕೈದಿಗಳ ಕತ್ತಿನಲ್ಲಿ ಒಂದು ಪಟ್ಟಿ ಇರುತ್ತದೆ. ಅದು ಕೆಲಸ ಮಾಡುವವರೆಗೆ ಯಾರ ಶಕ್ತಿಯೂ ನಡೆಯಲ್ಲ. ನಮ್ಮ ನಾಟಕದಲ್ಲಿ ಎಲ್ಲರ ಪಟ್ಟಿಯ ಕೆಂಪು ಲೈಟ್ ಒಂದೇ ಸಲ ಆರಬೇಕು. ಇಡೀ ನಾಟಕ ನಿಂತಿರೋದೇ ಆ ಕ್ಷಣದ ಮೇಲೆ.

ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಮಾಡಿ ನೋಡಿದೆವು. ಕತ್ತು ಬೆವರಿ ಕೆಂಪಾಯಿತು. ಹಗುರವಾದ ಫೋಮ್ ಆದರೆ ಒಳ್ಳೆಯದು. ಹಿಂದೆ ವೆಲ್ಕ್ರೋ ಇರಲೇಬೇಕು, ಎಳೆದ ತಕ್ಷಣ ಬಿಚ್ಚಿಕೊಳ್ಳಬೇಕು. ಚಿಕ್ಕ ಮಕ್ಕಳ ಕತ್ತಿನ ವಿಷಯ. ಬ್ಯಾಟರಿ ಚರ್ಮಕ್ಕೆ ತಾಗಬಾರದು.

ರಿಮೋಟ್‌ನಲ್ಲಿ ಎಲ್‌ಇಡಿ ಆರಿಸೋದು ಗೊತ್ತಿರುವ ಎಲೆಕ್ಟ್ರಾನಿಕ್ಸ್ ಹುಡುಗರು, ಹುಡುಗಿಯರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಹಾಸನದವರಾದರೂ ಸರಿ, ನಾವೇ ಬರುತ್ತೇವೆ. ಸಾಮಾನಿನ ಖರ್ಚು ನಮ್ಮದು.