ಕರುಳಿನ ಕ್ಯಾನ್ಸರ್ ಸರ್ಜರಿ ಕಲಿತು ಕಲಬುರಗಿಗೇ ವಾಪಸ್ ಬಂದರೆ ಕೆಲಸ ಇರುತ್ತಾ?

ಸೇಡಂ ಹುಡುಗಿ:
ಕಲಬುರಗಿಯಲ್ಲಿ ಎಂ.ಎಸ್. ಜನರಲ್ ಸರ್ಜರಿ ಕೊನೆಯ ವರ್ಷ. ದೊಡ್ಡ ಕರುಳು, ಗುದನಾಳದ ಕ್ಯಾನ್ಸರ್ ಸರ್ಜರಿಯಲ್ಲೇ ಮುಂದುವರಿಯಬೇಕು ಅಂತ ಆಸೆ. ಅವ್ವ ಮುಖ ಸಿಂಡರಿಸಿ "ನಿನಗೆ ಬೇರೆ ಏನೂ ಸಿಗಲಿಲ್ಲೇನು?" ಅಂದಳು. ಸೀನಿಯರ್‌ಗಳು, ಹೆಣ್ಣುಮಗಳು ಅಂದಮೇಲೆ ಸ್ತನದ ಸರ್ಜರಿ ತಗೋ ಅಂತಾರೆ. ದುಡ್ಡಿದ್ದವರು ಹೇಗೂ ಹೈದರಾಬಾದಿಗೆ ಹೋಗ್ತಾರೆ. ಇಲ್ಲೇ ಇರೋರಿಗೆ ನನ್ನಿಂದ ಏನು ಉಪಯೋಗ ಆಗುತ್ತೆ?

ಬೀದರ್ ಸರ್ಜನ್:
ಮೊದಲು ಸೂಪರ್ ಸ್ಪೆಷಾಲಿಟಿಯ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆದು, ಎಂ.ಎಸ್. ಆದಮೇಲಿನ ಎಂ.ಸಿಎಚ್. ಪದವಿಗೆ ಸೀಟು ಹಿಡಿ. ಸರ್ಜಿಕಲ್ ಆಂಕಾಲಜಿ (ಕ್ಯಾನ್ಸರ್ ಸರ್ಜರಿ) ಆದರೂ ಸರಿ, ಸರ್ಜಿಕಲ್ ಗ್ಯಾಸ್ಟ್ರೋ (ಹೊಟ್ಟೆ, ಕರುಳಿನ ಸರ್ಜರಿ) ಆದರೂ ಸರಿ, 3 ವರ್ಷ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ, ಈ ಎರಡೂ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೈತುಂಬಾ ಕೇಸ್ ಸಿಗುತ್ತವೆ. ಊರಿನ ಯೋಚನೆ ಆಮೇಲೆ.

ಡಾಕ್ಟರಕ್ಕ, ಕಲಬುರಗಿ:
ತಂಗಿ, ಊರಿನ ಯೋಚನೆ ಈಗಲೇ ಮಾಡು. ನಿನ್ನ ಓಪಿಡಿಯಲ್ಲೇ ಉತ್ತರ ಇದೆ.

ಸಂಡಾಸದಲ್ಲಿ ರಕ್ತ ಹೋಗುತ್ತೆ ಅಂತ ಬರುವ ಹೆಂಗಸರನ್ನು ಕೇಳಿ ನೋಡು. ಎಷ್ಟೋ ಜನ ಆರೆಂಟು ತಿಂಗಳು ಮೂಲವ್ಯಾಧಿಗೆ ಅಂತ ಗುಳಿಗೆ, ಮುಲಾಮು, ನಾಟಿ ಔಷಧಿ ಎಲ್ಲಾ ಮಾಡಿಕೊಂಡು ಬಂದಿರ್ತಾರೆ. ಬೆರಳು ಹಾಕಿ ಯಾರಾದರೂ ನೋಡಿದ್ದಾರಾ ಅಂದರೆ ಇಲ್ಲ. ಗಂಡು ಡಾಕ್ಟರ ಮುಂದೆ ಇವರಿಗೆ ನಾಚಿಕೆ, ಅವರಿಗೂ ಮುಜುಗರ. ಗುದನಾಳದ ಕೆಳಭಾಗದ ಗಡ್ಡೆ ಬೆರಳ ತುದಿಗೇ ಸಿಗುತ್ತೆ. ಗಟ್ಟಿಯಾಗಿ, ಒರಟಾಗಿ, ಅಂಚು ಎದ್ದಿರುತ್ತೆ. ಕೈಗವಸಿಗೆ ರಕ್ತ ಹತ್ತುತ್ತೆ. ಆ ಒಂದು ನಿಮಿಷದ ಪರೀಕ್ಷೆ ಆಗದೇ ಇದ್ದದ್ದಕ್ಕೆ ರೋಗ ಬಲಿತಿರುತ್ತೆ. ಈ ಜಿಲ್ಲೆಗೆ ನೀನು ಬೇಕಾಗಿರೋದು ಇದಕ್ಕೇ. ಮೂವತ್ತು ದಾಟದವರಲ್ಲೂ ಈ ಗಡ್ಡೆ ಇರುತ್ತೆ. "ವಯಸ್ಸು ಚಿಕ್ಕದು, ಮೂಲವ್ಯಾಧಿನೇ" ಅಂತ ಯಾರಾದರೂ ಅಂದರೆ ಒಪ್ಪಬೇಡ.

ಇನ್ನು ಹೆಣ್ಣುಮಗಳು ಅನ್ನೋ ಮಾತು. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಆಂಜೆಲಿಟಾ ಹಾಬ್ರ್-ಗಾಮಾ ಅಂತ ಸರ್ಜನ್. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸರ್ಜರಿ ಕಲಿಯಲು ಸೇರಿದ ಮೊದಲ ಹೆಣ್ಣುಮಗಳು ಆಕೆಯೇ. 1908ರಲ್ಲಿ ಲಂಡನ್ನಿನ ಸರ್ಜನ್ ಮೈಲ್ಸ್, ಗುದನಾಳವನ್ನು ಗುದದ್ವಾರ ಸಮೇತ ತೆಗೆದು ಮಲ ಹೋಗೋಕೆ ಹೊಟ್ಟೆ ಮೇಲೆ ಕಾಯಂ ದಾರಿ ಮಾಡೋ ಆಪರೇಷನ್ ಬರೆದಿಟ್ಟ. ಮುಂದೆ ಹತ್ತಾರು ವರ್ಷ ಎಲ್ಲರೂ ಅದನ್ನೇ ಹಿಡಿದು ನಡೆದರು. ಆಂಜೆಲಿಟಾ ಗಮನಿಸಿದ್ದು ಬೇರೆ. ಕೆಲವರಲ್ಲಿ ರೇಡಿಯೇಶನ್, ಕೀಮೋ ಆದಮೇಲೆ ಗಡ್ಡೆ ಪೂರ್ತಿ ಕರಗಿರುತ್ತಿತ್ತು. ಗಡ್ಡೆನೇ ಇಲ್ಲದ ಮೇಲೆ ಕೊಯ್ಯೋದು ಯಾಕೆ ಅಂತ ಕೇಳಿದಳು. 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 265 ರೋಗಿಗಳು. ಅವರಲ್ಲಿ 71 ಜನರಿಗೆ ಕತ್ತರಿ ಹಾಕದೆ ಬರೀ ಕಣ್ಣಿಟ್ಟು ಕಾದಳು. ಸರ್ಜನ್‌ಗಳೇ ತಿರುಗಿಬಿದ್ದರು. ಇವತ್ತು ಆ ದಾರಿ ಪ್ರಪಂಚದ ದೊಡ್ಡ ಕೇಂದ್ರಗಳಲ್ಲೆಲ್ಲಾ ಇದೆ. ಆಪರೇಷನ್ ಮಾಡೋದು ಬೇಡ ಅಂತ ಹೇಳೋ ಧೈರ್ಯ ಒಬ್ಬ ಸರ್ಜನ್‌ಗೆ ಬಂತಲ್ಲ, ನನಗೆ ಅದೇ ದೊಡ್ಡದು.

ಆದರೆ ಅದನ್ನು ಹಾಗೇ ತಂದು ಇಲ್ಲಿ ಇಳಿಸೋಕೆ ಆಗಲ್ಲ. ಹೀಗೆ ಕಾದ 880 ಜನರ ಲೆಕ್ಕ 2018ರಲ್ಲಿ ಬಂತು. ಎರಡು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅಲ್ಲೇ ಗಡ್ಡೆ ಮತ್ತೆ ಬೆಳೆದಿತ್ತು. ಬೇಗ ಕಂಡರೆ ಆಗಲೂ ಆಪರೇಷನ್ ಮಾಡಬಹುದು. ಅದಕ್ಕೆ ಶುರುವಿನ ವರ್ಷಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬೆರಳು, ಒಳಗೆ ಕೊಳವೆ ಹಾಕಿ ನೋಡೋ ಸ್ಕೋಪು, ಆಗಾಗ ಎಂಆರ್‌ಐ ಆಗಬೇಕು. ನಮ್ಮವರು ತೊಗರಿ ರಾಶಿ ಮುಗಿಸಿ ಬರ್ತೀನಿ ಅಂತ ಹೋದರೆ ಯುಗಾದಿಗೆ ಬರ್ತಾರೆ. ಫೋನ್ ಮಾಡಿ ಕರೆಸೋ ಒಬ್ಬ ಸಿಸ್ಟರ್, ಬಸ್ ಚಾರ್ಜಿನ ವ್ಯವಸ್ಥೆ ಇಲ್ಲದೆ ಈ ದಾರಿ ಹಿಡಿಯಬೇಡ.

ಆಪರೇಷನ್ನಿನ ಕೈ ಕೆಲಸಕ್ಕೆ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಬರೆದಿದ್ದು ಓದು. ಗುದನಾಳದ ಸುತ್ತಲಿನ ಕೊಬ್ಬಿನ ಪದರ ಹರಿಯದಂತೆ ಇಡಿಯಾಗಿ ಬಿಡಿಸಬೇಕು. ಕಾಣದ ಜಾಗದಲ್ಲಿ ಕೈಯಿಂದ ಕೀಳದೆ, ಕಣ್ಣಿಗೆ ಕಂಡಷ್ಟೇ ಕತ್ತರಿಸುತ್ತಾ ಹೋಗಬೇಕು. ಅಷ್ಟರಿಂದಲೇ ರೋಗ ಅದೇ ಜಾಗಕ್ಕೆ ಮರಳೋದು ಎಷ್ಟೋ ಕಡಿಮೆ ಆಯಿತು.

ಆಳಂದ ಬಸ್ಸು:
ನಾನು ಡಾಕ್ಟರ್ ಅಲ್ಲ. ನಮ್ಮ ಅವ್ವಗೆ ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ ಇದೆ. ಚೀಲ ಕೂತಿರೋದು ಸರಿಯಾಗಿ ಲಂಗದ ಲಾಡಿ ಕಟ್ಟೋ ಜಾಗದಲ್ಲಿ. ಬ್ಯಾಸಿಗೆಯಲ್ಲಿ ಬೆವರಿಗೆ ಅಂಟು ಬಿಟ್ಟು ಸೋರುತ್ತೆ. ಅದಕ್ಕೇ ಮದುವೆ ಮುಂಜಿಗೆ ಹೋಗೋದೇ ಬಿಟ್ಟಿದ್ದಾಳೆ. ಮೇಡಂ, ನೀವು ಕಲಿತು ಬನ್ನಿ. ಇದನ್ನೂ ನೆನಪಿಡಿ.

ಸೇಡಂ ಹುಡುಗಿ:
ಅಣ್ಣಾ, ಖಂಡಿತ ನೆನಪಿಡ್ತೀನಿ. ಅಕ್ಕಾ, ಚೀಲ ಎಲ್ಲಿ ಕೂಡಬೇಕು ಅಂತ ಜಾಗ ಗುರುತು ಮಾಡೋದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಹೇಗೆ?

ಡಾಕ್ಟರಕ್ಕ, ಕಲಬುರಗಿ:
ಆಪರೇಷನ್ ಹಿಂದಿನ ದಿನವೇ ಮಾಡು, ಟೇಬಲ್ ಮೇಲೆ ಮಲಗಿಸಿದ ಮೇಲಲ್ಲ. ಮನೆಯಲ್ಲಿ ಉಡೋ ಸೀರೆ ಉಡಿಸು, ಗಂಡಸಾದರೆ ಧೋತರ. ನಿಲ್ಲಿಸು, ಬಗ್ಗಿಸು, ನೆಲದ ಮೇಲೆ ಚಕ್ಕಲಬಕ್ಕಲ ಹಾಕಿ ಕೂಡಿಸು. ಲಾಡಿ, ಹೊಟ್ಟೆಯ ಮಡಿಕೆ, ಹೊಕ್ಕಳು, ಎಲುಬು, ಹಳೇ ಹೊಲಿಗೆ ಇವೆಲ್ಲ ಬಿಟ್ಟು ಅವರ ಕಣ್ಣಿಗೆ ಕಾಣೋ, ಕೈಗೆ ಸಿಗೋ ಜಾಗ ಆರಿಸು. ಸ್ಪಿರಿಟ್‌ಗೆ ಅಳಿಸದ ಪೆನ್ನು ಬಳಸು. ಆಳಂದದ ಅಣ್ಣಾ, ಅವ್ವನ್ನ ಒಂದು ಸಲ ಸರ್ಜರಿ ಓಪಿಡಿಗೆ ಕರ್ಕೊಂಡು ಬನ್ನಿ. ಈಗ ಹಾಕೋ ಚೀಲವನ್ನೂ ತನ್ನಿ. ರಂಧ್ರದ ಅಳತೆ ಸರಿ ಇದೆಯಾ ನೋಡಬೇಕು, ಎಷ್ಟೋ ಸಲ ಸೋರೋದು ಅದಕ್ಕೇ.