ಒಂದೇ ಕೊಟ್ಟಿಗೆಯ ಎರಡು ಹಸು: ಉಣುಗು ಒಂದರ ಮೇಲೆಯೇ ಹೆಚ್ಚೇಕೆ?

ಜಗಳೂರಿನ ಹೈನುಗಾರ:
ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿಯ) ಮಿಶ್ರತಳಿ ಹಸುವನ್ನೂ ನಾಟಿ ಹಸುವನ್ನೂ ಒಂದೇ ಗೋದಲಿಗೆ ಕಟ್ಟುತ್ತೇವೆ. ಮಿಶ್ರತಳಿಯ ಕೆಚ್ಚಲು, ಗಂಗೆದೊಗಲು, ಬಾಲದ ಬುಡಗಳಲ್ಲಿ ಹರಳುಬೀಜದಂಥ ಉಣುಗುಗಳು ಜೋತಾಡುತ್ತಿದ್ದರೆ, ನಾಟಿಯ ಮೈಯೆಲ್ಲ ತಡಕಿದರೂ ನಾಲ್ಕೈದು ಸಿಗುತ್ತವೆ, ಅವೂ ಸೊರಗಿರುತ್ತವೆ. ನಾಟಿಯ ತೊಗಲು ದಪ್ಪವೆಂಬುದೇ ಕಾರಣವೇ? ಪಕ್ಕದ ಆಡುಗಳಿಂದ ಹರಡುತ್ತಿರಬಹುದೇ?

ಚಿತ್ರದುರ್ಗದ ಪಶುವೈದ್ಯ:
ತೊಗಲೊಂದೇ ಕಾರಣವಲ್ಲ. ದನಗಳನ್ನು ಹೆಚ್ಚಾಗಿ ಕಾಡುವ ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂಬ ಉಣುಗು, ಮರಿಯಾಗಿ ಹತ್ತಿದ ದನದ ಮೈಮೇಲೆಯೇ ಪೊರೆ ಬಿಟ್ಟು ಬೆಳೆದು, ಸುಮಾರು 3 ವಾರಗಳಲ್ಲಿ ರಕ್ತ ತುಂಬಿಕೊಂಡು ನೆಲಕ್ಕೆ ಉದುರುತ್ತದೆ. ಡುಬ್ಬವಿರುವ ದೇಸಿ ತಳಿಗಳಲ್ಲಿ ಮರಿ ಕಚ್ಚಿದ ಜಾಗ ಬೇಗನೆ ಕೆರಳಿ ನವೆಯಾಗುವುದರಿಂದ ಹಸು ನೆಕ್ಕಿ ನೆಕ್ಕಿ ಅದನ್ನು ಕೀಳುತ್ತದೆ. ಬಹುಪಾಲು ಮರಿಗಳು ಮೊದಲ ದಿನವೇ ಕಳೆದುಹೋಗುತ್ತವೆ, ಉಳಿದ ಹೆಣ್ಣುಗಳಿಗೂ ಹೊಟ್ಟೆ ತುಂಬ ರಕ್ತ ದಕ್ಕುವುದಿಲ್ಲ. ಉಣುಗಿನ ತೂಕ ಹೆಚ್ಚಿದಷ್ಟೂ ಮೊಟ್ಟೆಯೂ ಹೆಚ್ಚು. ಚೆನ್ನಾಗಿ ಉಂಡ ಹೆಣ್ಣು 2000ಕ್ಕೂ ಹೆಚ್ಚು ಮೊಟ್ಟೆಯಿಟ್ಟು ಸಾಯುತ್ತದೆ, ಸೊರಗಿದ್ದಕ್ಕೆ ಅದು ಸಾಧ್ಯವಾಗದು. ಹಾಗಾಗಿ ತಮ್ಮ ಕೊಟ್ಟಿಗೆಯ ಗೋಡೆಬಿರುಕಿನ ಮೊಟ್ಟೆಗಳಲ್ಲಿ ಹೆಚ್ಚಿನವು ಮಿಶ್ರತಳಿಯ ರಕ್ತದಿಂದಲೇ ಆದವು. ಅಂದಹಾಗೆ, ಹರಳುಗಿಡದ ಶಾಸ್ತ್ರೀಯ ಹೆಸರು ರಿಸಿನಸ್. ಆ ಲ್ಯಾಟಿನ್ ಪದಕ್ಕೆ ಉಣುಗು ಎಂದೇ ಅರ್ಥ!

ಚಳ್ಳಕೆರೆಯ ಕುರಿಗಾರ:
ನಮ್ಮಲ್ಲಿ ಕುರಿಯ ತುಪ್ಪಟವೂ ಉಣ್ಣೆ, ಅದರೊಳಗೆ ಕಚ್ಚುವ ಹುಳವೂ ಉಣ್ಣೆ. ಗೊಂದಲ ಬೇಡವೆಂದು ನಾನೂ ಉಣುಗು ಎನ್ನುತ್ತೇನೆ. ಕುರಿ, ಆಡುಗಳ ಕಿವಿಯೊಳಗೆ ನಾನು ಕಾಣುವುದು ದನದ ಮೇಲಿನ ಉಣುಗಿಗಿಂತ ಸಣ್ಣದು. ಎರಡೂ ಒಂದೇ ಜಾತಿಯೇ ಸಾರ್?

ಚಿತ್ರದುರ್ಗದ ಪಶುವೈದ್ಯ:
ಬಹುಮಟ್ಟಿಗೆ ಬೇರೆ. ಕುರಿ, ಆಡುಗಳಲ್ಲಿ ಹೀಮಾಫೈಸಾಲಿಸ್ ಕುಲದವು ಸಾಮಾನ್ಯ. ಅವು ಬೆಳವಣಿಗೆಯ ಮೂರು ಹಂತಗಳಿಗೆ ಮೂರು ಪ್ರಾಣಿಗಳನ್ನು ಹುಡುಕಿಕೊಳ್ಳುತ್ತವೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನಕಾಯಿಲೆಯನ್ನು ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಇದೇ ಕುಲದ್ದು. ಅದರ ಮರಿಗಳು ಇಲಿ, ಮಂಗ, ಹಕ್ಕಿಗಳ ರಕ್ತ ಕುಡಿದರೆ, ಬೆಳೆದ ಉಣುಗುಗಳಿಗೆ ದನವೇ ಮುಖ್ಯ ಆಹಾರ. ದನಕ್ಕೆ ಆ ಕಾಯಿಲೆ ಬಾರದಿದ್ದರೂ, ಕಾಡಂಚಿನಲ್ಲಿ ಮೇಯುವ ದನ ಹೆಚ್ಚಿದಂತೆ ಉಣುಗಿನ ಸಂತಾನವೂ ಹೆಚ್ಚುತ್ತದೆ.

ಜಗಳೂರಿನ ಹೈನುಗಾರ:
ಹಾಗಾದರೆ ಆಡುಗಳನ್ನು ದೂರಿದ್ದು ನನ್ನದೇ ತಪ್ಪು. ಕೊಟ್ಟಿಗೆಯ ಬಿರುಕುಗಳನ್ನು ಮುಚ್ಚಿಸಿ, ಮಿಶ್ರತಳಿಯ ಮೈಮೇಲಿನವನ್ನು ಬೆಳಗಿನ ಹಾಲು ಕರೆಯುವ ಮುನ್ನ ಎಣಿಸಿ, ತಿಂಗಳ ನಂತರ ಇಲ್ಲಿಯೇ ಬರೆಯುತ್ತೇನೆ.